ಪದಚರ್ಚೆ: ‘ಪೆಶಾ’ಕ್ಕೆ ಬಂಡಾಯವೋ, ದ್ರೋಹವೋ? ಜೊತೆಗೆ ‘ಮಿಶ್ಪಾತ್’

ಪುಣೆಯಿಂದ:

ಎಲ್ಲರಿಗೂ ನಮಸ್ಕಾರ. ಆದಿಕಾಂಡ 3ರಿಂದ 11ರವರೆಗಿನ ಭಾನುವಾರದ ಪಾಠಗಳನ್ನು ಮರಾಠಿಯಿಂದ ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಓದುವವರು ಇಲ್ಲೇ ಹುಟ್ಟಿ ಬೆಳೆದ ಮಕ್ಕಳು; ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಮರಾಠಿ ಹಾಳೆಯಲ್ಲಿ ಇಡೀ ಮಾಲಿಕೆಗೆ ‘ಬಂಡ’ (ದಂಗೆ) ಎಂದು ತಲೆಬರಹ ಇದೆ. ಕನ್ನಡದಲ್ಲಿ ‘ಮಾನವನ ಬಂಡಾಯ, ದೇವರ ದಂಡನೆ’ ಎಂದರೆ ಸರಿಯೇ? ಇನ್ನೊಂದು ತೊಡಕು: ಮರಾಠಿಯ ‘ಫಿತೂರ್’ ಕಂಡಲ್ಲೆಲ್ಲ ನಮ್ಮವರು ‘ಪಿತೂರಿ’ ಎಂದು ಬರೆದುಬಿಡುತ್ತಾರೆ. ಹೀಬ್ರೂ ಮೂಲದಲ್ಲಿ ಏನಿದೆ ಎಂದು ಬಲ್ಲವರು ತಿಳಿಸಬೇಕು.

ಮಾಟುಂಗಾದಿಂದ:

ಸಹೋದರಿ, ಮೊದಲು ಪಿತೂರಿಯನ್ನು ಬದಿಗಿಡೋಣ. ಕನ್ನಡದ ಪಿತೂರಿ ಗುಟ್ಟಿನ ಸಂಚು. ಮರಾಠಿಯ ಫಿತೂರ್ ಎಂದರೆ ನಂಬಿದವರಿಗೆ ಕೈಕೊಟ್ಟು ಆಚೆ ಕಡೆಗೆ ಹೋದವನು. ಹೀಬ್ರೂವಿನಲ್ಲಿ ಸಂಚಿಗೆ ‘ಕೆಶೆರ್’ ಎಂಬ ಬೇರೆಯೇ ಪದವಿದೆ. ಯೆಹೂದದ ಅತಲ್ಯ ರಾಣಿ ದೇವಾಲಯದಲ್ಲಿ ಬಟ್ಟೆ ಹರಿದುಕೊಂಡು ಕೂಗುವುದು ಅದನ್ನೇ (2 ಅರಸುಗಳು 11:14). ಪಿತೂರಿ ಅಲ್ಲಿಗೆ ಒಪ್ಪುತ್ತದೆ, ಏದೆನ್ ತೋಟಕ್ಕೆ ಒಪ್ಪುವುದಿಲ್ಲ.

ಇನ್ನು ‘ಪೆಶಾ’, ನಿಮ್ಮ ‘ಬಂಡ’ಕ್ಕೆ ಹತ್ತಿರದ ಹೀಬ್ರೂ ಪದ. ಇದು ಹುಟ್ಟಾ ರಾಜಕೀಯದ ಪದ. ಮೋವಾಬಿನ ಅರಸ ಮೇಷ ಇಸ್ರಾಯೇಲಿಗೆ 1,00,000 ಕುರಿಮರಿಗಳನ್ನೂ 1,00,000 ಟಗರುಗಳ ಉಣ್ಣೆಯನ್ನೂ ಕಪ್ಪವಾಗಿ ಕೊಡುತ್ತಿದ್ದ. (ಹೆಸರು ಮೇಷ, ಕಪ್ಪ ಟಗರು, ನಮ್ಮ ಕಿವಿಗೆ ತಮಾಷೆ, ಹೀಬ್ರೂವಿನಲ್ಲಿ ಆ ನಂಟಿಲ್ಲ.) ಇಸ್ರಾಯೇಲಿನ ಅರಸ ಅಹಾಬ ಸತ್ತ ಮೇಲೆ ಅವನು ಕಪ್ಪ ನಿಲ್ಲಿಸಿದ. ಅದಕ್ಕೆ ಬಳಕೆಯಾದ ಕ್ರಿಯಾಪದವೇ ‘ಪಾಶಾ’ (2 ಅರಸುಗಳು 3:4-5). ಇಸ್ರಾಯೇಲಿನ ಹತ್ತು ಕುಲಗಳು ದಾವೀದನ ಮನೆತನವನ್ನು ಬಿಟ್ಟುಹೋದಾಗಲೂ ಅದೇ (1 ಅರಸುಗಳು 12:19). ಯೆಶಾಯ 1:2ರಲ್ಲಿ ಆ ಆಸ್ಥಾನದ ಮಾತನ್ನು ಪ್ರವಾದಿ ಮನೆಯೊಳಕ್ಕೆ ತರುತ್ತಾನೆ. ಆಕಾಶ ಭೂಮಿಗಳನ್ನು ಸಾಕ್ಷಿಗೆ ಕರೆದು, ನಾನೇ ಸಾಕಿ ಬೆಳೆಸಿದ ಮಕ್ಕಳು ನನಗೆ ತಿರುಗಿಬಿದ್ದರು ಎಂದು ದೇವರು ಹೂಡುವ ವ್ಯಾಜ್ಯ ಅದು. ಅಂದರೆ ಪೆಶಾದಲ್ಲಿ ಮುಖ್ಯವಾದದ್ದು ನಿಯಮ ಮುರಿದದ್ದಲ್ಲ, ಋಣ ಹರಿದುಕೊಂಡದ್ದು.

‘ಬಂಡಾಯ’ ಇಲ್ಲೇ ಎಡವುವುದು. ನರಗುಂದದ ರೈತರ ಬಂಡಾಯ, ಬಂಡಾಯ ಸಾಹಿತ್ಯ, ಇವೆಲ್ಲ ಆದ ಮೇಲೆ ಕನ್ನಡದಲ್ಲಿ ಬಂಡಾಯ ಎಂದ ಕೂಡಲೇ ಓದುಗ ಬಂಡೆದ್ದವನ ಪಕ್ಷ ವಹಿಸುತ್ತಾನೆ. ಎದುರಿಗಿರುವವನು ದಬ್ಬಾಳಿಕೆಗಾರ ಎಂಬುದು ಆ ಪದದ ಹೊಟ್ಟೆಯಲ್ಲೇ ಕೂತಿದೆ. ಮೇಷ ತಾನೇ ಕೆತ್ತಿಸಿದ ಶಾಸನ 1868ರಲ್ಲಿ ದೀಬಾನ್‌ನಲ್ಲಿ ಸಿಕ್ಕಿತು, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಅದರಲ್ಲಿ ಅವನು ಹೇಳಿಕೊಳ್ಳುವುದು ಬಿಡುಗಡೆಯ ಕಥೆ. ಅದನ್ನು ಬೇಕಾದರೆ ಬಂಡಾಯ ಎನ್ನಿ. ಪ್ರವಾದಿಗಳ ಬಾಯಲ್ಲಿ ಆ ಪದ ತೂಕ ತಪ್ಪುತ್ತದೆ.

‘ದ್ರೋಹ’ ವಾಸಿ, ಏಕೆಂದರೆ ದ್ರೋಹಕ್ಕೆ ಎದುರಿಗೊಬ್ಬರು ಬೇಕೇ ಬೇಕು: ಸ್ವಾಮಿದ್ರೋಹ, ಮಿತ್ರದ್ರೋಹ. ಆದರೆ ಎಲ್ಲ ಕಡೆಗೂ ಹೊಂದುವುದಿಲ್ಲ. ಸೊಲೊಮೋನ ಹೊರಿಸಿದ ನೊಗ ನಿಜಕ್ಕೂ ಭಾರವಾಗಿತ್ತು, ಮಗ ರೆಹಬ್ಬಾಮ ಅದನ್ನು ಇನ್ನೂ ಭಾರ ಮಾಡುತ್ತೇನೆ ಎಂದ. ಹತ್ತು ಕುಲಗಳನ್ನು ದ್ರೋಹಿಗಳು ಎಂದರೆ ಕಥೆಗಾರ ಕೊಡದ ತೀರ್ಪನ್ನು ನಾವು ಕೊಟ್ಟಂತಾಗುತ್ತದೆ. ಅಲ್ಲಿ ‘ತಿರುಗಿಬಿದ್ದರು’ ಸಾಕು.

ನನ್ನ ಮತ ಈ ‘ತಿರುಗಿಬೀಳು’ವಿನ ಕಡೆಗೇ. ಯೆರೆಮೀಯ 3:14ರಲ್ಲಿ ‘ಶೂವೂ ಬಾನೀಮ್ ಶೋವಾವೀಮ್’ ಎಂದಿದೆ. ಕರೆಯೂ ಬೈಗುಳವೂ ಒಂದೇ ಧಾತುವಿನಿಂದ ಬಂದವು. ಕನ್ನಡಕ್ಕೆ ಇದು ಪುಕ್ಕಟೆ ಒದಗುತ್ತದೆ: ‘ತಿರುಗಿಬಿದ್ದ ಮಕ್ಕಳೇ, ತಿರುಗಿ ಬನ್ನಿ.’ ನಾಮಪದ ಬೇಕಾದಾಗ ಮಾತ್ರ ತೊಂದರೆ, ಆಗ ದ್ರೋಹಕ್ಕೆ ಹೋಗಬೇಕು.

ನೆರೆಯ ಪದಗಳು: ‘ಮಾರದ್’ ಕೂಡ ಅರಸನ ವಿರುದ್ಧ ಏಳುವುದು, 12 ವರ್ಷ ಅಡಿಯಾಳಾಗಿದ್ದು 13ನೆಯ ವರ್ಷ ದಂಗೆಯೆದ್ದರು ಎಂಬಲ್ಲಿ ಬರುತ್ತದೆ (ಆದಿಕಾಂಡ 14:4). ‘ಸೋರೇರ್’ ಎಂದರೆ ಮೊಂಡ. ‘ಮಾರಾ’, ‘ಮೆರಿ’ ಎಂದರೆ ಎದುರುಬೀಳುವುದು. ಮೋಶೆಗೆ ಎದುರುಬಿದ್ದ ಕೋರಹನ ಗುಂಪಿನ ಕಥೆಯಲ್ಲಿ ಇವೆಲ್ಲಕ್ಕಿಂತ ಸ್ವಾರಸ್ಯದ್ದು ‘ರವ್ ಲಾಖೆಮ್’ ಎಂಬ ಮಾತು. ಕೋರಹನೂ 250 ಮುಖಂಡರೂ ಮೋಶೆಗೆ ‘ನಿಮ್ಮದು ಅತಿಯಾಯಿತು’ ಎನ್ನುತ್ತಾರೆ (ಅರಣ್ಯಕಾಂಡ 16:3). ಏಳನೆಯ ವಚನದಲ್ಲಿ ಮೋಶೆ ಅದನ್ನೇ ತಿರುಗಿಸಿ ಕೊಡುತ್ತಾನೆ. ಎರಡೂ ಕಡೆ ಒಂದೇ ಕನ್ನಡ ಇರಲಿ.

ಶಾಲೆಯ ಪ್ರಬಂಧದಲ್ಲಿ ‘ಒಂದೇ ಪದ ಮತ್ತೆ ಬರಬಾರದು’ ಎಂದು ಕಲಿಸಿದ್ದು ಅನುವಾದವನ್ನು ಕೆಡಿಸುತ್ತದೆ. ‘ಕೆಡಿಸುತ್ತದೆ’ ಎಂದು ಬೇಕೆಂದೇ ಬರೆದೆ. ಜಲಪ್ರಳಯದ ಮುನ್ನ, ಆದಿಕಾಂಡ 6:11-13ರಲ್ಲಿ, ‘ಶಾಹತ್’ ಧಾತು ಮೂರು ವಚನಗಳಲ್ಲಿ ನಾಲ್ಕು ಸಲ ಬರುತ್ತದೆ. ಮೂರು ಸಲ ಅದು ಲೋಕದ ಪಾಡು, ನಾಲ್ಕನೆಯ ಸಲ ದೇವರ ತೀರ್ಪು. ‘ಭ್ರಷ್ಟವಾಯಿತು... ನಾಶಮಾಡುವೆನು’ ಎಂದು ಬರೆದರೆ ಆ ಕೊಂಡಿ ಕಳಚಿತು. ನಮ್ಮ ‘ಕೆಡು’ ಎರಡನ್ನೂ ಹೊರುತ್ತದೆ. ಹಾಲು ಕೆಡುತ್ತದೆ, ನಡತೆ ಕೆಡುತ್ತದೆ, ದೀಪವೂ ಕೆಡುತ್ತದೆ. ಹಳಗನ್ನಡದಲ್ಲಿ ಕೆಡುವುದೆಂದರೆ ಅಳಿಯುವುದೇ. ‘ಭೂಮಿ ಕೆಟ್ಟಿತ್ತು. ಜನರೆಲ್ಲ ತಮ್ಮ ನಡತೆ ಕೆಡಿಸಿಕೊಂಡಿದ್ದರು. ನಾನೇ ಅವರನ್ನು ಕೆಡಿಸುವೆನು’ ಎಂದು ಬರೆದು ಗಟ್ಟಿಯಾಗಿ ಓದಿನೋಡಿ. ಕೊನೆಯ ಕೆಡಿಸುವೆನು ಇಂದಿನ ಮಗುವಿಗೆ ‘ದಾರಿ ತಪ್ಪಿಸುವೆನು’ ಎಂದು ಕೇಳಿಸಬಹುದು. ಆದ್ದರಿಂದ ‘ಕೆಡಿಸಿ ಅಳಿಸುವೆನು’ ಎಂದು ಒಂದು ಊರುಗೋಲು ಕೊಡಿ.

ಬಾಬೆಲ್ ಗೋಪುರದ ಕಥೆಯಲ್ಲೂ (ಆದಿಕಾಂಡ 11) ಇದೇ ಆಟ. ‘ಹಾವಾ’, ಅಂದರೆ ‘ಬನ್ನಿ’, ಮೂರು ಸಲ ಬರುತ್ತದೆ: ಬನ್ನಿ, ಇಟ್ಟಿಗೆ ಮಾಡೋಣ, ಬನ್ನಿ, ಪಟ್ಟಣ ಕಟ್ಟೋಣ, ಕೊನೆಗೆ ದೇವರ ಬಾಯಲ್ಲಿ, ಬನ್ನಿ, ಇಳಿದುಹೋಗಿ ಅವರ ಭಾಷೆಯನ್ನು ಕಲಸಿಬಿಡೋಣ. ಆದರೆ ಗಮನಿಸಿ, 11ನೆಯ ಅಧ್ಯಾಯದಲ್ಲಿ ಪೆಶಾ, ಮಾರದ್, ಮಾರಾ ಒಂದೂ ಇಲ್ಲ. ಮೂರನೆಯ ಅಧ್ಯಾಯದಲ್ಲೂ ಇಲ್ಲ. ‘ಪಾಪ’ ಎಂಬ ಪದವೇ ಮೊದಲು ಕಾಣುವುದು 4:7ರಲ್ಲಿ, ಬಾಗಿಲಲ್ಲಿ ಹೊಂಚುಹಾಕಿ ಮಲಗಿದ ಮೃಗದಂತೆ. ಬೇಟೆಗಾರ ಅರಸ ನಿಮ್ರೋದನ ಹೆಸರನ್ನು ‘ಮಾರದ್’ಗೆ ಗಂಟುಹಾಕಿ ಗೋಪುರ ಕಟ್ಟಿಸಿದವನು ಅವನೇ ಎನ್ನುವುದು ನಂತರದ ವ್ಯಾಖ್ಯಾನ, ಮೂಲದಲ್ಲಿ ಇರುವುದು ಬಾಬೆಲ್ ಅವನ ರಾಜ್ಯದ ಆರಂಭ ಎಂಬಷ್ಟೇ (10:10).

ಇನ್ನು ನಿಮ್ಮ ತಲೆಬರಹದ ದಂಡನೆಯ ವಿಷಯ. ಹೀಬ್ರೂವಿನ ‘ಮಿಶ್ಪಾತ್’ ಎಂದರೆ ವಿಚಾರಣೆ, ತೀರ್ಪು, ಕಟ್ಟಳೆ, ನ್ಯಾಯ ಎಲ್ಲವೂ. ದಂಡನೆ ಅದರ ಒಂದು ತುದಿ ಮಾತ್ರ. ಮೂರನೆಯ ಅಧ್ಯಾಯದ ಕ್ರಮ ನೋಡಿ: ಮೊದಲು ‘ಎಲ್ಲಿದ್ದೀ?’, ಆಮೇಲೆ ಗಂಡಿಗೆ ಪ್ರಶ್ನೆ, ಹೆಣ್ಣಿಗೆ ಪ್ರಶ್ನೆ. ಸರ್ಪಕ್ಕೆ ಪ್ರಶ್ನೆಯೇ ಇಲ್ಲ. ತೀರ್ಪು ತಿರುವುಮುರುವು: ಸರ್ಪ, ಹೆಣ್ಣು, ಗಂಡು. ‘ಶಾಪಗ್ರಸ್ತ’ ಎನಿಸಿಕೊಳ್ಳುವುದು ಸರ್ಪ ಮತ್ತು ನೆಲ, ಇವೆರಡೇ. ‘ದೇವರು ಆದಾಮ ಹವ್ವರನ್ನು ಶಪಿಸಿದನು’ ಎಂದು ಪಾಠದಲ್ಲಿದ್ದರೆ ತೆಗೆದುಹಾಕಿ. ಬಾಬೆಲಿಗೂ ಸೊದೋಮಿಗೂ ದೇವರು ‘ಇಳಿದು ನೋಡುವುದು’ ಸ್ಥಳದ ಪಂಚನಾಮೆ ಇದ್ದಂತೆ, ನೋಡದೆ ತೀರ್ಪಿಲ್ಲ. ಕೀರ್ತನೆ 98ರಲ್ಲಿ ಆತನು ನ್ಯಾಯತೀರಿಸಲು ಬರುತ್ತಾನೆಂದು ನದಿಗಳು ಚಪ್ಪಾಳೆ ತಟ್ಟುತ್ತವೆ. ‘ದಂಡನೆ’ಗೆ ಯಾರು ಚಪ್ಪಾಳೆ ತಟ್ಟುತ್ತಾರೆ? ಮಿಶ್ಪಾತ್‌ನ ಧಾತುವಿನದೇ ಆದ ‘ಶೋಫೆತೀಮ್’ ಎಂಬುದಕ್ಕೆ ಕನ್ನಡ ಬೈಬಲಿನಲ್ಲಿ ‘ನ್ಯಾಯಸ್ಥಾಪಕರು’ ಎಂದಿದೆ. ಎಷ್ಟು ಚೆನ್ನಾದ ಪದ! ತಲೆಬರಹಕ್ಕೆ ‘ನ್ಯಾಯತೀರ್ಪು’ ಇಡಿ. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಕತಾಕ್ರಿಮಾ’ (ರೋಮಾಪುರದವರಿಗೆ 8:1) ಬಂದಾಗ ಮಾತ್ರ ದಂಡನೆಯ ತೀರ್ಪು.

ತಮ್ಮನನ್ನು ಕೊಂದ ಕಾಯಿನನ ಬಾಯಲ್ಲಿ ಬರುವ ‘ಆವೋನ್’ (4:13) ಮಾಡಿದ ತಪ್ಪೂ ಹೌದು, ಅದರ ಫಲವೂ ಹೌದು. ‘ಕರ್ಮ’ ಎಂದು ಬರೆಯುವ ಆಸೆ ಬೇಡ, ಬೆನ್ನಿಗೆ ಪುನರ್ಜನ್ಮ ಬರುತ್ತದೆ. ‘ನನ್ನ ಪಾಪದ ಹೊರೆ’ ಎರಡಕ್ಕೂ ಆಗುತ್ತದೆ.

ಮಡಗಾಂವ್‌ನಿಂದ:

ಸರ್, ಕರ್ಮದ ಬಗ್ಗೆ ಅಷ್ಟು ಹೆದರಬೇಕಿಲ್ಲ. ಇಲ್ಲೇ ಹತ್ತಿರದ ರಾಚೋಲ್‌ನಲ್ಲಿ 1616ರಲ್ಲಿ ಅಚ್ಚಾದ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ ಮರಾಠಿ ಓವಿ ಪದ್ಯಗಳಲ್ಲಿದೆ, ಸ್ವರ್ಗಕ್ಕೆ ವೈಕುಂಠ ಎಂದೇ ಬರೆಯುತ್ತದೆ. ಬಳಸುತ್ತ ಬಳಸುತ್ತ ಪದ ಮಣಿಯುತ್ತದೆ. ಆದರೂ ಮಕ್ಕಳ ಪಾಠಕ್ಕೆ ನಿಮ್ಮ ‘ಹೊರೆ’ಯೇ ಒಳ್ಳೆಯದು, ಒಪ್ಪಿದೆ.

ತೀರ್ಪಿಗೆ ಇನ್ನೊಂದು ಪದ ಸೇರಿಸುತ್ತೇನೆ. ಕೊಂಕಣಿ ಕ್ರೈಸ್ತರು ಕಡೆಯ ನ್ಯಾಯತೀರ್ಪಿಗೆ ‘ನಿಮಾಣಿ ಝಡ್ತಿ’ ಎನ್ನುತ್ತಾರೆ. ಮರಾಠಿಯ ಝಡತಿ ಎಂದರೆ ಪೊಲೀಸರು ಮನೆ ಹೊಕ್ಕು ಮಾಡುವ ಶೋಧ. ಹಳೆಯ ದಫ್ತರದ ಮಾತಿನಲ್ಲಿ ಲೆಕ್ಕದ ತಪಾಸಣೆಯೂ ಹೌದು. ಪ್ರತಿಯೊಬ್ಬನೂ ದೇವರಿಗೆ ಲೆಕ್ಕ ಒಪ್ಪಿಸಬೇಕು ಎಂಬ ರೋಮಾಪುರದವರಿಗೆ 14:12ನ್ನು ಪುಣೆಯ ಮಕ್ಕಳಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಪದ ಸಿಗದು. ಪಾಠದ ಹಾಳೆಯಲ್ಲಿ ಬೇಡ, ಬಾಯಿಮಾತಿನಲ್ಲಿ ಹೇಳಿ.

ಪುಣೆಯಿಂದ:

ಇಬ್ಬರಿಗೂ ವಂದನೆ. ‘ತಿರುಗಿಬಿದ್ದವರು, ನ್ಯಾಯತೀರ್ಪು’ ಎಂದು ತಲೆಬರಹ ಬದಲಾಯಿಸಿದ್ದೇವೆ. 11ನೆಯ ಅಧ್ಯಾಯದ ಹಾಳೆಗೆ ಮಾತ್ರ ಅದನ್ನೂ ಹಾಕದೆ, ‘ಬನ್ನಿ, ಕಟ್ಟೋಣ’ ಎಂದಷ್ಟೇ ಬಿಟ್ಟಿದ್ದೇವೆ.