ಪದ ಬೇಕು: ಸೈಕಲ್ ರ‍್ಯಾಕಿನ ‘ಟಂಗ್ ವೇಯ್ಟ್’ಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ವಿದ್ಯುತ್ ಕಾರಿನ ಹಿಂಬದಿಗೆ ಹಿಚ್ (ಟ್ರೇಲರನ್ನೋ ಸೈಕಲ್ ಹೊರುವ ಚೌಕಟ್ಟನ್ನೋ ಸಿಕ್ಕಿಸುವ ಉಕ್ಕಿನ ಜೋಡಣೆ) ಕೂರಿಸಿ, ಅದಕ್ಕೆ ಸೈಕಲ್ ರ‍್ಯಾಕ್ ಸಿಕ್ಕಿಸಿ ಬಳಸುವುದು ಹೇಗೆ ಅನ್ನುವ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಹಳಷ್ಟು ಪದಗಳಿಗೆ ತೊಂದರೆಯಿಲ್ಲ. ಬಂಪರ್, ಬ್ಯಾಟರಿ, ಚಾರ್ಜರ್, ಪಿನ್, ಬೋಲ್ಟು ಎಲ್ಲ ಹಾಗೇ ಇರಲಿ. ಅವಕ್ಕೆ ಹೊಸ ಪದ ಕಟ್ಟುವ ಹಟ ನನಗಿಲ್ಲ. ನಾನು ಸಿಕ್ಕಿಕೊಂಡಿರುವುದು ತೂಕದ ಪದಗಳಲ್ಲಿ, ಅದರಲ್ಲೂ ಹಿಚ್ಚನ್ನು ಕೆಳಕ್ಕೆ ಒತ್ತುವ ಭಾರ, ಅಂದರೆ ‘ಟಂಗ್ ವೇಯ್ಟ್’ನಲ್ಲಿ. ನಾಲ್ಕು ಬೇರೆ ಬೇರೆ ಲೆಕ್ಕಗಳಿಗೆ ನಾವು ‘ತೂಕ’ ಅನ್ನುವ ಒಂದೇ ಪದ ಹಾಕಿಬಿಡುತ್ತೇವೆ. ಓದುವವರು ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿಕೊಂಡರೆ ಹಿಚ್ ಬಾಗುತ್ತದೆ, ಇಲ್ಲವೇ ಓಡುವ ಕಾರಿನಿಂದ ಸೈಕಲ್ ರಸ್ತೆಗೆ ಬೀಳುತ್ತದೆ. ಅದಕ್ಕೇ ಬಲ್ಲವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಸುಲಭದ್ದು ಮುಗಿಸುತ್ತೇನೆ. ಬೈಕ್ ಅಂದರೆ ಕನ್ನಡದಲ್ಲಿ ಮೋಟರ್ ಸೈಕಲ್ಲೇ. ‘ಅವನು ಬೈಕಲ್ಲಿ ಬಂದ’ ಅಂದರೆ ಯಾರಿಗೂ ಪೆಡಲ್ ನೆನಪಾಗುವುದಿಲ್ಲ. ಆದ್ದರಿಂದ ‘ಬೈಕ್ ರ‍್ಯಾಕ್’ ಬಿಟ್ಟು ಎಲ್ಲ ಕಡೆ ‘ಸೈಕಲ್ ರ‍್ಯಾಕ್’ ಅಂತ ಹಾಕಿದ್ದೇನೆ. ‘ಇ-ಬೈಕ್’ ಅಂತೂ ಅಪಾಯದ ಪದ. ‘ಈ ರ‍್ಯಾಕ್ ಎರಡು ಇ-ಬೈಕ್ ಹೊರುತ್ತದೆ’ ಅಂತ ಬರೆದರೆ ಬ್ಯಾಟರಿ ಸ್ಕೂಟರನ್ನೇ ಎತ್ತಿ ಇಡಲು ಹೊರಡುವವರು ಇದ್ದಾರು. ಪೆಡಲ್ ಇರುವ ಬ್ಯಾಟರಿ ಸೈಕಲ್ ಸಾಮಾನ್ಯವಾಗಿ 20ರಿಂದ 30 ಕಿಲೋ ತೂಗುತ್ತದೆ. ಸ್ಕೂಟರಿನ ತೂಕ ಅದರ ಮೂರು ನಾಲ್ಕು ಪಟ್ಟು. ‘ಬ್ಯಾಟರಿ ಸೈಕಲ್’ ಅಂದರೆ ಗೊಂದಲ ಇರುವುದಿಲ್ಲ ಅನ್ನಿಸುತ್ತದೆ. ಇದಕ್ಕೆ ಯಾರದ್ದಾದರೂ ತಕರಾರು ಇದ್ದರೆ ಹೇಳಿ.

ಈಗ ಹಿಚ್. ಕಾರಿನ ಹಿಂಭಾಗದ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿದ ಉಕ್ಕಿನ ಅಡ್ಡತೊಲೆ ಅದು. ಅಮೆರಿಕದ ಮಾದರಿಯಲ್ಲಿ ಅದರ ನಡುವೆ, ಬಂಪರಿನ ಕೆಳಗೆ, ಒಂದು ಚೌಕ ಕೊಳವೆ ಬಾಯಿ ತೆರೆದುಕೊಂಡಿರುತ್ತದೆ. ಅದರ ಒಳ ಅಳತೆ ಹೆಚ್ಚಾಗಿ ಒಂದೂಕಾಲು ಇಂಚು ಅಥವಾ ಎರಡು ಇಂಚು. ರ‍್ಯಾಕಿನ ದಂಡವನ್ನು ಆ ಕೊಳವೆಗೆ ತೂರಿಸಿ, ಅಡ್ಡಕ್ಕೆ ಪಿನ್ ಹಾಕುತ್ತಾರೆ. ಯುರೋಪಿನಲ್ಲಿ ಕೊಳವೆಯ ಬದಲು 50 ಮಿಲಿಮೀಟರ್ ಅಗಲದ ಉಕ್ಕಿನ ಗುಂಡು ಇರುತ್ತದೆ. ಅಲ್ಲಿನ ರ‍್ಯಾಕ್ ಆ ಗುಂಡನ್ನೇ ಕಚ್ಚಿ ಹಿಡಿಯುತ್ತದೆ. ಇಂಗ್ಲಿಷಿನವರು ಕೊಳವೆಗೆ ರಿಸೀವರ್ ಅನ್ನುತ್ತಾರೆ. ನಮಗೆ ರಿಸೀವರ್ ಅಂದರೆ ಇನ್ನೂ ಹಳೇ ಫೋನಿನ ಕಿವಿಗಿಡುವ ತುಂಡೇ. ‘ಚೌಕ ಕೊಳವೆ’ ಸಾಕು ಅಲ್ವಾ? ಆದರೆ ‘ಒಳ ಅಳತೆ’ ಅನ್ನುವುದನ್ನು ಬಿಡುವಂತಿಲ್ಲ. ಹೊರಗಿನಿಂದ ಅಳೆದು ರ‍್ಯಾಕ್ ತರಿಸಿಕೊಂಡರೆ ಕೂರುವುದಿಲ್ಲ.

ಹಿಚ್ ಅನ್ನುವುದಕ್ಕೇ ‘ಎಳೆಕೊಂಡಿ’ ಅಂತ ಹಾಕಬಹುದು ಅನ್ನುವ ಸಲಹೆ ಬಂದಿದೆ. ಕಿವಿಗೆ ಚೆನ್ನಾಗಿದೆ, ಅಚ್ಚಗನ್ನಡವೂ ಹೌದು. ನನಗೆ ಅದು ಒಪ್ಪಿಗೆಯಿಲ್ಲ, ಕಾರಣ ಈ ಕೈಪಿಡಿಯಲ್ಲೇ ಇದೆ. ಕೆಲವು ವಿದ್ಯುತ್ ಕಾರುಗಳ ಹಿಚ್ ಏನನ್ನೂ ಎಳೆಯುವುದಿಲ್ಲ. ಫೋಕ್ಸ್‌ವ್ಯಾಗನ್ ಐಡಿ.3 ನೋಡಿ. ಅದಕ್ಕೆ ಟ್ರೇಲರ್ ಎಳೆಯಲು ಅನುಮತಿಯೇ ಇಲ್ಲ. ಹಿಂದಿನ ಗುಂಡು ಇರುವುದು ಸೈಕಲ್ ರ‍್ಯಾಕ್ ಹೊರಲು, ಅದೂ 75 ಕಿಲೋ ಒಳಗೆ. ಇಂಥ ಕಾರಿನ ಕೈಪಿಡಿಯಲ್ಲಿ ‘ಎಳೆಕೊಂಡಿ’ ಅಂತ ಓದಿದವನು ಸಹಜವಾಗಿ ಟ್ರೇಲರ್ ಸಿಕ್ಕಿಸಿಯಾನು. ಹಾಗಾಗಿ ಹಿಚ್ ಅನ್ನು ಹಿಚ್ ಅಂತಲೇ ಬಿಟ್ಟಿದ್ದೇನೆ. ‘ಟೋ’ ಪದವನ್ನೂ ಆದಷ್ಟು ದೂರ ಇಟ್ಟಿದ್ದೇನೆ. ‘ಕಾರು ಟೋ ಆಯ್ತು’ ಅಂದರೆ ನಮಗೆ ಕಣ್ಣಿಗೆ ಬರುವುದು ಕೆಟ್ಟು ನಿಂತ ಕಾರು, ಅಥವಾ ನಿಲ್ಲಿಸಬಾರದ ಕಡೆ ನಿಲ್ಲಿಸಿದ ಕಾರು.

ಇನ್ನು ತೂಕದ ಗೋಜಲು. ಇಲ್ಲಿ ಸ್ವಲ್ಪ ವಿವರವಾಗಿ ಹೇಳದೆ ಬೇರೆ ದಾರಿಯಿಲ್ಲ.

ಕಾರು ಎಳೆಯಬಲ್ಲ ಟ್ರೇಲರಿನ ತೂಕ ಒಂದು. ಟ್ರೇಲರಿನ ಮುಂದಿನ ದಂಡ ಹಿಚ್ಚನ್ನು ಕೆಳಕ್ಕೆ ಒತ್ತುವ ಭಾರ ಇನ್ನೊಂದು. ಇದನ್ನೇ ಅಮೆರಿಕದವರು ಟಂಗ್ ವೇಯ್ಟ್ ಅನ್ನುತ್ತಾರೆ. ಟ್ರೇಲರಿಗೆ ತನ್ನದೇ ಚಕ್ರ ಇರುವುದರಿಂದ ಅದರ ತೂಕದಲ್ಲಿ ಹೆಚ್ಚಿನ ಪಾಲನ್ನು ಆ ಚಕ್ರಗಳೇ ಹೊರುತ್ತವೆ. ಹಿಚ್ ಮೇಲೆ ಬೀಳುವುದು ಹತ್ತರಲ್ಲಿ ಒಂದು ಪಾಲು ಅಥವಾ ಸ್ವಲ್ಪ ಜಾಸ್ತಿ. ಅಮೆರಿಕದ ಒಂದನೇ ದರ್ಜೆಯ (ಅಂದರೆ ಎಲ್ಲಕ್ಕಿಂತ ಕಡಿಮೆ ಶಕ್ತಿಯ) ಹಿಚ್ ಸುಮಾರು 900 ಕಿಲೋ ಟ್ರೇಲರ್ ಎಳೆಯುತ್ತದೆ. ಕೆಳಮುಖವಾಗಿ ತಡೆಯುವುದು ಸುಮಾರು 90 ಕಿಲೋ ಮಾತ್ರ. ಸೈಕಲ್ ರ‍್ಯಾಕಿಗೆ ಚಕ್ರ ಎಲ್ಲಿದೆ? ಅದರ ಇಡೀ ತೂಕ ಹಿಚ್ ಮೇಲೇ. ಅಂದರೆ ರ‍್ಯಾಕ್ ಹಾಕುವವನಿಗೆ 900 ಅನ್ನುವ ಅಂಕಿಯಿಂದ ಏನೂ ಆಗಬೇಕಾದ್ದಿಲ್ಲ, 90 ಅನ್ನುವುದೇ ಮುಖ್ಯ. ಎರಡಕ್ಕೂ ‘ತೂಕ ಸಾಮರ್ಥ್ಯ’ ಅಂತ ಬರೆದರೆ ಓದುಗ ದೊಡ್ಡ ಅಂಕಿಯನ್ನೇ ನಂಬುತ್ತಾನೆ.

ಮೂರನೆಯದು ರ‍್ಯಾಕ್ ತಾನು ಹೊರಬಲ್ಲ ಹೊರೆ. ಇದನ್ನು ಒಂದೊಂದು ಸೈಕಲ್‌ಗೆ ಇಷ್ಟು ಅಂತ ಬೇರೆಯಾಗಿ ಹೇಳಿರುತ್ತಾರೆ. ಸೈಕಲನ್ನು ತೂಗುಹಾಕುವ ರ‍್ಯಾಕ್ ಭಾರದ ಬ್ಯಾಟರಿ ಸೈಕಲ್‌ಗೆ ಸರಿಹೋಗುವುದು ಕಡಿಮೆ. ಎರಡೂ ಚಕ್ರ ಕೆಳಗಿನ ತಟ್ಟೆಯಲ್ಲಿ ಕೂರುವ ರ‍್ಯಾಕ್ ಬೇಕು. ಆ ಥರದ ರ‍್ಯಾಕ್ ತಾನೇ 25 ಕಿಲೋ ಇರಬಹುದು. ಅದರ ಮೇಲೆ 25 ಕಿಲೋದ ಎರಡು ಬ್ಯಾಟರಿ ಸೈಕಲ್ ಇಟ್ಟರೆ 75 ಆಯಿತು. ಐಡಿ.3ರಲ್ಲಿ ಅಲ್ಲಿಗೆ ಮುಗಿಯಿತು. ಒಂದನೇ ದರ್ಜೆಯ ಹಿಚ್ಚಿನಲ್ಲೂ ಮೂರನೇ ಸೈಕಲ್‌ಗೆ ಜಾಗವಿಲ್ಲ, ರ‍್ಯಾಕಿನಲ್ಲಿ ಖಾಲಿ ತಟ್ಟೆ ಇದ್ದರೂ. ಸೈಕಲ್ಲಿನ ಬ್ಯಾಟರಿ ಬಿಚ್ಚಿ ಕಾರಿನೊಳಗೆ ಇಟ್ಟರೆ ಒಂದೊಂದಕ್ಕೂ ಮೂರು ನಾಲ್ಕು ಕಿಲೋ ಉಳಿಯುತ್ತದೆ. ಅದನ್ನು ನಾನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ನಾಲ್ಕನೆಯದು ಕಾರು ಒಟ್ಟಾರೆ ಹೊರಬಲ್ಲದ್ದು. ಜನ, ಸಾಮಾನು, ಹಿಚ್, ರ‍್ಯಾಕ್, ಸೈಕಲ್ ಎಲ್ಲ ಸೇರಿಸಿ. ಹಲವು ಕಾರುಗಳಲ್ಲಿ ಈ ಅಂಕಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ವಿದ್ಯುತ್ ಕಾರಿನಲ್ಲಿ ಬ್ಯಾಟರಿಯೇ ನೂರಾರು ಕಿಲೋ. ಕಾರು ನೋಡಲು ಗಟ್ಟಿಮುಟ್ಟಾಗಿದ್ದರೂ ಮೇಲೆ ಹೇರಲು ಉಳಿಯುವುದು ನಾವು ಅಂದುಕೊಂಡಷ್ಟು ಇರುವುದಿಲ್ಲ. ಐದು ಜನ ಕೂತು ಡಿಕ್ಕಿ ತುಂಬಿಸಿಕೊಂಡ ಮೇಲೆ ಹಿಚ್‌ಗೆ ಇನ್ನೂ ಶಕ್ತಿ ಇದ್ದರೂ ಕಾರಿಗೆ ಇರಲಿಕ್ಕಿಲ್ಲ.

ಇಷ್ಟಕ್ಕೂ ನಮ್ಮಲ್ಲಿ ಪದಗಳಿಗೆ ಬರವೇ? ತೂಕ, ಭಾರ, ಹೊರೆ, ಹೇರು, ನಾಲ್ಕೂ ಇವೆ. ವಸ್ತುವನ್ನು ತಕ್ಕಡಿಗೆ ಹಾಕಿದರೆ ಬರುವುದು ತೂಕ. ಹೊರುವವನಿಗೆ ಅನ್ನಿಸುವುದು ಭಾರ. ಒಬ್ಬ ತಲೆಯ ಮೇಲೆ ಹೊರುವಷ್ಟು ಕಟ್ಟು ಹೊರೆ. ಗಾಡಿಗೆ ತುಂಬಿದ್ದು ಹೇರು. ಹೀಗಾಗಿ ಎಳೆಯುವ ತೂಕ, ರ‍್ಯಾಕಿನ ಹೊರೆ, ಕಾರಿನ ಹೇರು ಅಂತ ಮೂರನ್ನು ಹಂಚಬಹುದು ಅನ್ನಿಸಿತು. ‘ಹೇರು’ ಈಗ ಎಷ್ಟು ಜನರ ಬಾಯಲ್ಲಿದೆ ಅನ್ನುವುದು ಬೇರೆ ಮಾತು. ಎಲ್ಲರೂ ‘ಲೋಡ್’ ಅನ್ನುತ್ತಾರೆ, ಹೆಚ್ಚಾದರೆ ‘ಓವರ್‌ಲೋಡ್’. ಆದರೆ ‘ಹೇರಬೇಡಿ’ ಅಂದರೆ ಇವತ್ತಿಗೂ ಎಲ್ಲರಿಗೂ ತಿಳಿಯುತ್ತದೆ. ಕ್ರಿಯಾಪದ ಬದುಕಿರುವಾಗ ನಾಮಪದವನ್ನು ಎಬ್ಬಿಸುವುದು ಕಷ್ಟವಾಗಲಾರದು.

ಉಳಿದದ್ದು ಟಂಗ್ ವೇಯ್ಟ್. ‘ನಾಲಿಗೆ ತೂಕ’ ಅಂತ ಮಾಡಿದರೆ ನಗೆಪಾಟಲು. ಬ್ರಿಟನ್ನಿನವರು ಇದನ್ನೇ ಮೂಗಿನ ತೂಕ ಅನ್ನುತ್ತಾರೆ. ಅಂದರೆ ಇಂಗ್ಲಿಷಿನವರಲ್ಲೇ ಯಾವ ಅಂಗ ಅನ್ನುವುದು ಇತ್ಯರ್ಥವಾಗಿಲ್ಲ. ಜರ್ಮನ್ನರು ಅಂಗಗಳ ಗೊಡವೆಗೆ ಹೋಗದೆ ‘ಆನಿಸಿದ ಭಾರ’ ಅನ್ನುವ ಅರ್ಥದ ಪದ ಇಟ್ಟುಕೊಂಡಿದ್ದಾರೆ.

ನನ್ನ ಮನಸ್ಸು ಹೋದದ್ದು ಎತ್ತಿನ ಗಾಡಿಯ ಕಡೆಗೆ. ಗಾಡಿಯಿಂದ ಮುಂದಕ್ಕೆ ಚಾಚಿಕೊಂಡು ನೊಗಕ್ಕೆ ಸೇರುವ ಮರ ಮೂಕಿ. ಟ್ರೇಲರಿನ ಟಂಗ್ ಅಂದರೆ ಅಚ್ಚುಕಟ್ಟಾಗಿ ಅದೇ. ಗಾಡಿಯ ಮುಂದೆ ಹೆಚ್ಚು ಹೇರಿದರೆ ಮುಂಭಾರ, ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದೆ ಹೆಚ್ಚು ಹೇರಿದರೆ ಹಿಂಭಾರ, ಮೂಕಿ ಮೇಲೇಳುತ್ತದೆ, ಕೊರಳ ಹಗ್ಗ ಬಿಗಿಯುತ್ತದೆ. ಹಿಂದಿನ ಅಚ್ಚಿನಿಂದಾಚೆ ಸೈಕಲ್ ನೇತುಹಾಕಿದ ಕಾರಿಗೂ ಆಗುವುದು ಹಿಂಭಾರವೇ. ಹಿಂದಿನ ಚಕ್ರಗಳ ಮೇಲೆ ಸೈಕಲ್ಲಿನ ತೂಕಕ್ಕಿಂತ ಜಾಸ್ತಿ ಬೀಳುತ್ತದೆ, ಮುಂದಿನ ಚಕ್ರಗಳು ಅಷ್ಟರಮಟ್ಟಿಗೆ ಹಗುರವಾಗುತ್ತವೆ. ‘ಹಿಂಭಾರ’ವನ್ನು ನಾನು ಆಗಲೇ ಬಳಸಿಬಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಯಾವ ಭಾಷೆಯಲ್ಲೂ ಇರಲಿಕ್ಕಿಲ್ಲ.

ಆದರೆ ‘ಮೂಕಿ ಭಾರ’ದಲ್ಲಿ ಎರಡು ತೊಡಕು. ಒಂದು, ಈಗಿನವರಿಗೆ ಮೂಕಿ ಅಂದರೆ ಮಾತಿಲ್ಲದ ಹಳೇ ಸಿನಿಮಾ. ಇದು ದೊಡ್ಡದಲ್ಲ, ಒಂದು ಚಿತ್ರ ಹಾಕಿದರೆ ಸರಿಹೋಗುತ್ತದೆ. ಇನ್ನೊಂದು ನಿಜವಾದ ತೊಡಕು. ಸೈಕಲ್ ರ‍್ಯಾಕಿಗೆ ಮೂಕಿಯೇ ಇಲ್ಲ. ಟ್ರೇಲರಿಲ್ಲದ ಕಾರಿನಲ್ಲಿ ಮೂಕಿಯ ಮಾತೆತ್ತಿದರೆ ಓದುಗ ಎಲ್ಲಿ ಹುಡುಕಬೇಕು? ಅದೂ ಅಲ್ಲದೆ ಈ ಎರಡು ಭಾರಗಳು ಒಂದೇ ರೀತಿ ಕೆಲಸ ಮಾಡುವುದಿಲ್ಲ. ಮೂಕಿ ಹಿಚ್ಚಿನ ಹತ್ತಿರವೇ ಕೆಳಕ್ಕೆ ಒತ್ತುತ್ತದೆ. ರ‍್ಯಾಕಿನ ಸೈಕಲ್‌ಗಳು ಹಿಚ್ಚಿನಿಂದ ಅರ್ಧ ಮೀಟರ್, ಮುಕ್ಕಾಲು ಮೀಟರ್ ಆಚೆ ಇರುತ್ತವೆ. ದೂರ ಹೆಚ್ಚಿದಷ್ಟೂ ಅದೇ ತೂಕ ಹಿಚ್ಚನ್ನು ಹೆಚ್ಚು ತಿರುಚುತ್ತದೆ. ಗುಂಡಿ ಹಾರಿದಾಗ ಇನ್ನೂ ಜಾಸ್ತಿ. ಇದಕ್ಕೇ ಕೆಲವು ತಯಾರಕರು ರ‍್ಯಾಕ್‌ಗೆ ಬೇರೆಯೇ ಮಿತಿ ಕೊಡುತ್ತಾರೆ, ಟಂಗ್ ವೇಯ್ಟ್‌ಗಿಂತ ಕಡಿಮೆ. ಕೊಳವೆಗೆ ಉದ್ದನೆಯ ಜೋಡಿಕೆ ಹಾಕಿ ರ‍್ಯಾಕನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದರೆ ಆ ಮಿತಿಯೂ ಇಳಿಯುತ್ತದೆ. ಟ್ರೇಲರಿಗೆ ‘ಮೂಕಿ ಭಾರ’, ರ‍್ಯಾಕಿಗೆ ‘ಹಿಚ್ ಭಾರ’ ಅಂತ ಎರಡು ಪದ ಇಟ್ಟುಕೊಳ್ಳುವುದೇ ಸರಿ ಅನ್ನುವ ಕಡೆಗೆ ನಾನು ವಾಲಿದ್ದೇನೆ. ಇಂಗ್ಲಿಷಿನಲ್ಲಿ ಒಂದೇ ಪದ ಇದೆ ಅಂತ ನಾವೂ ಒಂದರಲ್ಲೇ ಒದ್ದಾಡಬೇಕಿಲ್ಲ.

ಚಿಲ್ಲರೆ ಪದಗಳು ಇನ್ನೂ ಕೆಲವಿವೆ.

‘ಡಿಕ್ಕಿ’ ನೋಡಿ. ಕಾರಿನ ಹಿಂದಿನ ಸಾಮಾನು ಜಾಗವೂ ಡಿಕ್ಕಿ, ಗುದ್ದಿದರೂ ಡಿಕ್ಕಿ. ರ‍್ಯಾಕ್ ಬಗ್ಗಿಸದೆ ಡಿಕ್ಕಿ ತೆರೆದರೆ ಡಿಕ್ಕಿ ಸೈಕಲ್‌ಗೆ ಡಿಕ್ಕಿ ಹೊಡೆಯುತ್ತದೆ! ಬಂಪರಿನ ಕೆಳಗೆ ಕಾಲು ಆಡಿಸಿದರೆ ತಾನೇ ತೆರೆದುಕೊಳ್ಳುವ ಕಾರುಗಳಲ್ಲಿ ಇದು ತಮಾಷೆಯಲ್ಲ. ಸೈಕಲ್ ಇಳಿಸುವಾಗ ಕಾಲು ಅಲ್ಲಿಗೇ ಹೋಗುತ್ತದೆ. ನಾನು ‘ಹಿಂಬಾಗಿಲು’ ಅಂತ ಹಾಕಿ, ಡಿಕ್ಕಿಯನ್ನು ಗುದ್ದುವುದಕ್ಕೆ ಮೀಸಲಿಟ್ಟಿದ್ದೇನೆ.

ಡ್ರ್ಯಾಗ್ ಅನ್ನುವುದಕ್ಕೆ ‘ಗಾಳಿಯ ಎಳೆತ’ ಅಂತ ಪಠ್ಯಪುಸ್ತಕದ ಧಾಟಿಯಲ್ಲಿ ಬರೆಯಬಹುದಿತ್ತು. ಟ್ರೇಲರ್ ಎಳೆಯುವ ಮಾತು ಪಕ್ಕದಲ್ಲೇ ಇರುವಾಗ ಅದು ಬೇಡ. ‘ಗಾಳಿ ತಡೆ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ವಿದ್ಯುತ್ ಕಾರಿಗೆ ಇದು ದೊಡ್ಡ ಸಂಗತಿ. ಗಾಳಿ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ. ಇದ್ದದ್ದು 100 ಆದರೆ ತಡೆ ಒಂದೂವರೆ ಪಟ್ಟು ಮೀರುತ್ತದೆ. ಕಾರಿನ ಚಾವಣಿಯ ಮೇಲೆ ಸೈಕಲ್ ನಿಲ್ಲಿಸಿದರೆ ಅವು ನೇರ ಗಾಳಿಗೆ ಎದೆಯೊಡ್ಡುತ್ತವೆ. ಹಿಂದಿನ ರ‍್ಯಾಕಿನಲ್ಲಿ ಬಹುಪಾಲು ಕಾರಿನ ಮರೆಯಲ್ಲೇ ಇರುತ್ತವೆ. ಆದ್ದರಿಂದಲೇ ವಿದ್ಯುತ್ ಕಾರಿನವರು ಹಿಚ್ ರ‍್ಯಾಕ್ ಕಡೆ ಒಲಿಯುವುದು. ಇದರಲ್ಲಿ ‘ಮೈಲೇಜ್’ ಅನ್ನಬೇಕೋ ‘ರೇಂಜ್’ ಅನ್ನಬೇಕೋ ಅನ್ನುವ ಪ್ರಶ್ನೆ ನನಗಿಲ್ಲ. ಒಂದು ಚಾರ್ಜಿನಲ್ಲಿ ಎಷ್ಟು ದೂರ ಅನ್ನುವುದಕ್ಕೆ ರೇಂಜ್ ಆಗಲೇ ಬೇರು ಬಿಟ್ಟಾಗಿದೆ.

ಚಾರ್ಜಿಂಗ್ ಜಾಗದ ವಾಕ್ಯವೊಂದು ಕಾಡುತ್ತಿದೆ. ಟೆಸ್ಲಾದಂಥ ಕಾರುಗಳಲ್ಲಿ ಚಾರ್ಜ್ ಮಾಡುವ ತೂತು ಹಿಂಬದಿಯ ಮೂಲೆಯಲ್ಲಿದೆ. ಚಾರ್ಜರಿನ ಕೇಬಲ್ ಗಿಡ್ಡ ಇದ್ದರೆ ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಕಂಬದ ಹತ್ತಿರ ನಿಲ್ಲಿಸಬೇಕು. ರ‍್ಯಾಕ್ ತುಂಬ ಸೈಕಲ್ ಇದ್ದರೆ ಅಷ್ಟು ಹತ್ತಿರ ಹೋಗಲಾಗುವುದಿಲ್ಲ. ಹಿಂದಿನ ಕ್ಯಾಮೆರಾ, ಸೆನ್ಸರ್ ಕೂಡ ಸೈಕಲನ್ನೇ ನೋಡುತ್ತಾ ಕೂತಿರುತ್ತವೆ. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡಬಹುದಾದ ಚಾರ್ಜಿಂಗ್ ಜಾಗಕ್ಕೆ ಚಿಕ್ಕದೊಂದು ಪದ ಬೇಕು. ‘ಹಾದುಹೋಗುವ ಜಾಗ’ ಅಂದರೆ ರಸ್ತೆಯ ಹಾಗೆ ಕೇಳಿಸುತ್ತದೆ.

ಕೊನೆಗೆ ಅಲುಗಾಟ. ಕೊಳವೆಗೂ ದಂಡಕ್ಕೂ ನಡುವೆ ಸಣ್ಣ ಸಂದಿ ಇದ್ದೇ ಇರುತ್ತದೆ. ಅದರಿಂದ ರ‍್ಯಾಕ್ ಅಲುಗಾಡುತ್ತದೆ, ಲೊಡಲೊಡ ಸದ್ದೂ ಮಾಡುತ್ತದೆ. ವಿದ್ಯುತ್ ಕಾರಿನಲ್ಲಿ ಎಂಜಿನ್ ಸದ್ದಿಲ್ಲದ್ದರಿಂದ ಈ ಲೊಡಲೊಡ ಚೆನ್ನಾಗಿ ಕೇಳುತ್ತದೆ. ಸಂದಿ ಬಿಗಿಮಾಡಲು ತಿರುಪಿನ ಸುತ್ತುಗಳಿರುವ ಪಿನ್ನೋ ಬೆಣೆಯೋ ಹಾಕುತ್ತಾರೆ. ಗ್ಯಾರೇಜಿನವರು ಈ ಸಡಿಲಕ್ಕೆ ‘ಪ್ಲೇ’ ಅನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಬೇರೆ ಪದ ಇದೆಯೇ? ‘ಸಡಿಲ’ ಅಂದರೆ ಬೋಲ್ಟು ಬಿಚ್ಚಿಕೊಂಡ ಹಾಗೆ ಆಗುತ್ತದೆ. ಎಲ್ಲ ಬೋಲ್ಟು ಬಿಗಿಯಾಗಿದ್ದೂ ಉಳಿಯುವ ಆಟ ಇದು.

ಗಾಡಿ ಹೊಡೆದವರು, ಗ್ಯಾರೇಜಿನಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿದ್ದರೆ ಎರಡು ವಿಷಯ ತಿಳಿಸಿ. ಮೂಕಿ ನೊಗವನ್ನು ಒತ್ತುವ ಭಾರಕ್ಕೆ ‘ಮುಂಭಾರ’ ಬಿಟ್ಟು ಬೇರೆ ಹೆಸರು ನಿಮ್ಮ ಕಡೆ ಇತ್ತೇ? ಮತ್ತೆ, ಕೋಷ್ಟಕದ ತಲೆಯಲ್ಲಿ ‘ಹಿಚ್ ಭಾರ: 75 ಕಿಲೋ’ ಅಂತ ಓದಿದರೆ ನಿಮಗೆ ಹಿಚ್ ಹೊರುವ ಭಾರ ಅನ್ನಿಸುತ್ತದೆಯೋ, ಹಿಚ್ಚೇ 75 ಕಿಲೋ ಇದೆ ಅನ್ನಿಸುತ್ತದೆಯೋ? ಎರಡನೆಯದಾದರೆ ‘ಹಿಚ್ ಹೊರುವ ಭಾರ’ ಅಂತ ಉದ್ದಕ್ಕೇ ಬರೆಯುತ್ತೇನೆ.