‘ಸ್ಟೀವರ್ಡ್‌ಶಿಪ್’ಗೆ ಹೊಳೆದಂಡೆಯ ಮಾತು ಯಾವುದು?

ಗೆಳೆಯರೇ,

ನಮ್ಮೂರ ಹೊಳೆಯ ದಂಡೆಯಲ್ಲಿ ಹಳೆಯ ಮೆಟ್ಟಿಲು, ಒಂದು ಶಾಸನದ ಕಲ್ಲು ಇವೆ. ಊರವರೇ ಸೇರಿ ಹೂಳು, ಪ್ಲಾಸ್ಟಿಕ್ ತೆಗೆಯುತ್ತಿದ್ದೇವೆ. ಅಲ್ಲಿಗೊಂದು ಬೋರ್ಡ್ ಬರೆಸಬೇಕು. ಇಂಗ್ಲಿಷ್ ಕರಡಿನಲ್ಲಿ ‘ಸ್ಟೀವರ್ಡ್‌ಶಿಪ್’ ಅಂತಿದೆ, ಅಂದರೆ ನಮ್ಮ ಕೈಗೆ ಬಂದದ್ದನ್ನು ನೋಡಿಕೊಂಡು ಮುಂದಿನವರಿಗೆ ಉಳಿಸುವುದು. ಅಲ್ಲೇ ಸಿಕ್ಕಿಕೊಂಡಿದ್ದೇವೆ.

ಒಬ್ಬರು ‘ಉಸ್ತುವಾರಿ’ ಎಂದರು. ಅದನ್ನು ಕೇಳಿದರೆ ಸಚಿವರ ಕಾರು ಬಂದ ಹಾಗಾಗುತ್ತದೆ. ‘ಸಂರಕ್ಷಣೆ’ ಇಲಾಖೆಯ ಕೆಲಸ ಅನ್ನಿಸುತ್ತದೆ. ‘ಕಾವಲು’ ಎಂದರೆ ಕಳ್ಳರ ನೆನಪು. ಇನ್ನೊಬ್ಬರು ‘ನೀರಿನ ಪಾಲುದಾರರು’ ಎಂದರು. ಚೆನ್ನಾಗೇ ಇದೆ. ಆದರೆ ‘ನೀರುಪಾಲು’ ನೆನಪಾಗಿ ಎಲ್ಲರೂ ನಕ್ಕುಬಿಟ್ಟೆವು.

ನನಗೆ ಜಾಸ್ತಿ ಹಿಡಿಸಿದ್ದು ‘ಪಾಲನೆ’. ಎಷ್ಟೋ ದಾನಶಾಸನಗಳು ಮುಗಿಯುವುದೇ ಈ ಮಾತಿನಿಂದ. ಧರ್ಮವನ್ನು, ಅಂದರೆ ಕೊಟ್ಟ ದಾನವನ್ನು, ‘ಪ್ರತಿಪಾಲಿಸಿದವರ್ಗೆ’ ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ದಾನ ಕೊಟ್ಟ ಪುಣ್ಯ, ಅದನ್ನು ಕೆಡಿಸಿದವರಿಗೆ ಅಷ್ಟೇ ಕವಿಲೆ ಕೊಂದ ಪಾಪ. ‘ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ’ ಎಂಬ ಸಾಲೂ ಮತ್ತೆ ಮತ್ತೆ ಬರುತ್ತದೆ. ಕೊಡುವುದಕ್ಕಿಂತ, ಕೊಟ್ಟದ್ದನ್ನು ಉಳಿಸಿಕೊಂಡು ಹೋಗುವುದು ಹೆಚ್ಚಿನದು ಅಂತ. ನಮಗೆ ಬೇಕಾದ ಅರ್ಥ ಇದೇ ಅಲ್ವಾ? ಅದು ಬರೀ ಬಾಯಿಮಾತೂ ಆಗಿರಲಿಲ್ಲ. ಕೆರೆ ನಿಭಾಯಿಸುವುದಕ್ಕೆ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಅಂತ ಕೊಡುಗೆಗಳಿದ್ದವು. ಆದರೆ ಈಗ ಪಾಲನೆ ಎಂದರೆ ನಿಯಮ ಪಾಲನೆ, ಹೇಳಿದಂತೆ ಕೇಳುವುದು! (ಅಂದ ಹಾಗೆ, ಪಾಲು ಕನ್ನಡದ್ದು, ಪಾಲಿಸು ಸಂಸ್ಕೃತದಿಂದ ಬಂದದ್ದು. ನಂಟಿಲ್ಲ. ಇದ್ದಿದ್ದರೆ ನಮ್ಮ ಬೋರ್ಡಿಗೆ ಅನುಕೂಲವಾಗುತ್ತಿತ್ತು.)

ಹಳೇ ಮೈಸೂರು ಕಡೆಯ ‘ನೀರುಗಂಟಿ’ಯೂ ನೆನಪಾಯಿತು. ಊರಿನ ಕೆಲಸ ಮಾಡಿ ಬೆಳೆಯಲ್ಲಿ ಪಾಲು ಪಡೆಯುತ್ತಿದ್ದ 12 ಆಯಗಾರರಲ್ಲಿ ಒಬ್ಬ. ತೂಬು ಎತ್ತುವವನು, ಗದ್ದೆಗಳಿಗೆ ನೀರು ಹಂಚುವವನು. ಸೊಗಸಾದ ಪದ. ಆದರೆ ಅದು ಕೆರೆಯ ಕೆಲಸ, ಅದೂ ಒಬ್ಬನ ಕೆಲಸ. ನಮ್ಮದು ಊರೆಲ್ಲ ಸೇರಿ ಮಾಡುವುದು.

ಶೃಂಗೇರಿಯಲ್ಲಿ ತುಂಗೆಯ ಮೀನು, ಬೆಳ್ತಂಗಡಿ ಕಡೆಯ ಶಿಶಿಲದಲ್ಲಿ ಕಪಿಲೆಯ ಮೀನು ‘ದೇವರ ಮೀನು’. ಗುಡಿಯ ಮುಂದಿನ ನೀರಲ್ಲಿ ಗಾಳ ಹಾಕುವ ಹಾಗಿಲ್ಲ. ಅಲ್ಲಿ ಇಡೀ ವ್ಯವಸ್ಥೆಯನ್ನು ‘ದೇವರ’ ಎಂಬ ಒಂದೇ ಮಾತು ಹೊತ್ತು ನಿಂತಿದೆ! ನಮ್ಮ ಬೋರ್ಡಿಗೆ ಅದು ಒದಗುವುದಿಲ್ಲ, ಹೊಳೆಗೆ ಎಲ್ಲ ಮತದವರೂ ಬರುತ್ತಾರೆ.

ಕೊನೆಗೆ ಉಳಿದಿರುವುದು ‘ಜತನ’. ಸಂಸ್ಕೃತದ ಯತ್ನವೇ ಸವೆದು ಜತನ ಆಗಿದೆ. ಅರ್ಥ ಮಾತ್ರ ಬದಲಾಗಿದೆ: ಮುಂದಿನವರಿಗೆ ಉಳಿಯಲಿ ಅಂತ ಜೋಪಾನ ಮಾಡುವುದು. ‘ಹೊಳೆ ಜತನ, ಊರೆಲ್ಲರ ಕೆಲಸ’ ಅಂತ ಬರೆಸೋಣ ಅಂದುಕೊಂಡಿದ್ದೇನೆ. ಅನುಮಾನ ಒಂದೇ. ಅಜ್ಜಿ ಜತನ ಮಾಡುತ್ತಿದ್ದದ್ದು ಬಿತ್ತನೆ ಬೀಜ, ಒಡವೆ, ಕಾಗದಪತ್ರ. ಎಲ್ಲ ಪೆಟ್ಟಿಗೆಯಲ್ಲಿ ಕೂರುವಂಥವು. ಹರಿಯುವ ನೀರನ್ನು ‘ಜತನ ಮಾಡು’ ಅಂತ ನಿಮ್ಮ ಕಡೆ ಯಾರಾದರೂ ಅನ್ನುತ್ತಾರಾ? ಧಾರವಾಡ, ವಿಜಯಪುರ ಕಡೆಯವರು ದಯವಿಟ್ಟು ಹೇಳಿ. ಬೇರೆ ಪದವಿದ್ದರೆ ಅದನ್ನೂ ತಿಳಿಸಿ. ಪೇಂಟರ್ ಭಾನುವಾರ ಬರುತ್ತಾರೆ.