ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ: ಆಪರೇಶನ್ ಆದ ಮೇಲೂ ರಕ್ತ ಮತ್ತೆ ತುಂಬಿಕೊಳ್ಳುವುದು ಯಾರಲ್ಲಿ ಹೆಚ್ಚು?

ಪ್ರಶ್ನೆ

ನನ್ನ ತಂದೆಯವರಿಗೆ 78 ವರ್ಷ. ಬಚ್ಚಲುಮನೆಯಲ್ಲಿ ಜಾರಿಬಿದ್ದು ಐದಾರು ವಾರ ಕಳೆದ ಮೇಲೆ ನಡಿಗೆ ತಪ್ಪತೊಡಗಿತು, ಮಾತು ತೊದಲತೊಡಗಿತು. ಸಿ.ಟಿ. ಸ್ಕ್ಯಾನಿನಲ್ಲಿ ಮೆದುಳಿನ ಎರಡೂ ಬದಿಗಳಲ್ಲಿ ಹೊರಪೊರೆಯ ಕೆಳಗೆ ಹಳೆಯ ರಕ್ತ ಸೇರಿರುವುದು (ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ) ಕಂಡಿತು. ಹನ್ನೆರಡು ದಿನಗಳ ಹಿಂದೆ, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ರಕ್ತ ತೆಗೆಯುವ ಬರ್ ಹೋಲ್ ಆಪರೇಶನ್ ಆಗಿದೆ. ಹೃದಯದಲ್ಲಿ ಸ್ಟೆಂಟ್ ಇರುವ ಕಾರಣ ತೆಗೆದುಕೊಳ್ಳುತ್ತಿದ್ದ ಆಸ್ಪಿರಿನ್ನನ್ನು ಈಗ ನಿಲ್ಲಿಸಿದ್ದಾರೆ. ಡಿಸ್ಚಾರ್ಜ್ ಮಾಡುವಾಗ ‘ಮತ್ತೆ ತುಂಬಿಕೊಳ್ಳಬಹುದು’ ಎಂದಷ್ಟೇ ಹೇಳಿದರು. ಯಾರಲ್ಲಿ ಹಾಗಾಗುತ್ತದೆ, ನಾವು ಏನನ್ನು ಗಮನಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನರಶಸ್ತ್ರಚಿಕಿತ್ಸಕ)

ಈ ಆಪರೇಶನ್ನಿನಲ್ಲಿ ನಾವು ಹೊರತೆಗೆಯುವುದು ಕಪ್ಪಗೆ ತೆಳುವಾಗಿರುವ ಹಳೆಯ ರಕ್ತವನ್ನು ಮಾತ್ರ. ಅದರ ಸುತ್ತ ಬೆಳೆದ ಪೊರೆ ಬಹುಪಾಲು ಅಲ್ಲಿಯೇ ಉಳಿಯುತ್ತದೆ. ಆ ಪೊರೆಯಲ್ಲಿ ಹೊಸದಾಗಿ ಹುಟ್ಟಿದ ರಕ್ತನಾಳಗಳು ದುರ್ಬಲವಾಗಿದ್ದು ಒಸರುತ್ತಿರುತ್ತವೆ, ಹೆಪ್ಪನ್ನು ಕರಗಿಸುವ ಅಂಶಗಳು ಅಲ್ಲಿನ ದ್ರವದಲ್ಲಿ ಹೆಚ್ಚಿರುವುದರಿಂದ ಒಸರಿದ ರಕ್ತ ಗಟ್ಟಿಯಾಗುವುದೂ ಇಲ್ಲ. ವಯಸ್ಸಿನಿಂದ ಕುಗ್ಗಿದ ಮೆದುಳು ಒತ್ತಡ ಇಳಿದ ಮೇಲೂ ಉಬ್ಬಿ ತನ್ನ ಜಾಗವನ್ನು ತುಂಬಿಕೊಳ್ಳದಿದ್ದರೆ, ಉಳಿದ ಪೊಳ್ಳಿನಲ್ಲಿ ರಕ್ತ ಮತ್ತೆ ಸೇರಲು ಅವಕಾಶವಾಗುತ್ತದೆ. ಎರಡೂ ಬದಿಗಳಲ್ಲಿ ರಕ್ತ ಸೇರಿದವರಲ್ಲಿ ಅಪಾಯ ಹೆಚ್ಚೆಂದು ಹಲವು ಅಧ್ಯಯನಗಳು ಹೇಳುವುದರಿಂದ ನಿಮ್ಮ ತಂದೆಯವರ ವಿಷಯದಲ್ಲಿ ಎಚ್ಚರ ಬೇಕು. ರಕ್ತದ ಪದರ ಬಹಳ ದಪ್ಪವಿರುವುದು, ಸ್ಕ್ಯಾನಿನಲ್ಲಿ ಹಳೆಯ ಮತ್ತು ಹೊಸ ರಕ್ತ ಮೇಲೆ ಕೆಳಗೆ ಬೇರ್ಪಟ್ಟು ಕಾಣುವುದು, ರಕ್ತ ತೆಳುಮಾಡುವ ಮಾತ್ರೆಗಳು, ಇವೂ ಅದೇ ಸಾಲಿಗೆ ಸೇರುತ್ತವೆ.

ಉಳಿದ ದ್ರವ ಹೊರಗೆ ಹರಿದುಹೋಗಲು ಡ್ರೈನ್ ಕೊಳವೆ ಇಟ್ಟಿದ್ದರೇ ಎಂಬುದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ನೋಡಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 215 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೊಳವೆ ಇಟ್ಟವರಲ್ಲಿ ಶೇ. 9.3ರಷ್ಟು ಮಂದಿಗೆ, ಇಡದವರಲ್ಲಿ ಶೇ. 24ರಷ್ಟು ಮಂದಿಗೆ ರಕ್ತ ಮತ್ತೆ ಸೇರಿತ್ತು. ನನ್ನ ದೃಷ್ಟಿಯಲ್ಲಿ ವೈದ್ಯರ ಕೈಯಲ್ಲಿರುವ ಅಂಶಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಕಡಿಮೆ.

ಉತ್ತರ 2

ನಮ್ಮ ಅತ್ತೆಯವರಿಗೆ ಇಪ್ಪತ್ತಮೂರನೆಯ ದಿನ ರಕ್ತ ಮತ್ತೆ ತುಂಬಿಕೊಂಡಿತು. ತಲೆನೋವೆಂದು ಅವರು ಒಮ್ಮೆಯೂ ಹೇಳಲಿಲ್ಲ. ಹಗಲಿನಲ್ಲಿ ಅತಿಯಾಗಿ ನಿದ್ದೆ ಮಾಡುತ್ತಿದ್ದರು, ಊಟದ ತುತ್ತು ಕೈಯಿಂದ ಜಾರುತ್ತಿತ್ತು, ಸಂಜೆಯನ್ನು ಬೆಳಗೆಂದು ತಿಳಿಯುತ್ತಿದ್ದರು. ಅದನ್ನು ವಯಸ್ಸಿನ ಮರೆವೆಂದು ಭಾವಿಸಿ ನಾವು ನಾಲ್ಕು ದಿನ ಕಳೆದೆವು. ಆ ನೋವು ನನ್ನಲ್ಲಿ ಇನ್ನೂ ಇದೆ. ಎರಡನೆಯ ಆಪರೇಶನ್ ಆದ ಮೇಲೆ ಅವರು ಚೇತರಿಸಿಕೊಂಡರು. ದಯವಿಟ್ಟು ನೀವು ಕಾಯಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಎರಡು ದಿನ ಡ್ರೈನ್ ಇಟ್ಟಿದ್ದರೆಂದು ಸಮ್ಮರಿಯಲ್ಲಿದೆ. ಡಾಕ್ಟರೇ, ಆಸ್ಪಿರಿನ್ ಮತ್ತೆ ಯಾವಾಗ ಶುರು ಮಾಡಬಹುದು? ಮತ್ತೆ ತುಂಬಿಕೊಳ್ಳದಂತೆ ಬೇರೆ ಚಿಕಿತ್ಸೆ ಏನಾದರೂ ಇದೆಯೇ?

ಉತ್ತರ 1

ಆ ದಿನವನ್ನು ಹೃದ್ರೋಗ ತಜ್ಞರೂ ಆಪರೇಶನ್ ಮಾಡಿದವರೂ ಸೇರಿ ನಿರ್ಧರಿಸಬೇಕು, ಏಕೆಂದರೆ ಸ್ಟೆಂಟ್ ಹಾಕಿ ಎಷ್ಟು ಕಾಲವಾಗಿದೆ ಎಂಬುದರ ಮೇಲೆ ಮಾತ್ರೆ ನಿಲ್ಲಿಸಿರುವುದರ ಅಪಾಯವೂ ಬದಲಾಗುತ್ತದೆ. ನೀವಾಗಿಯೇ ಶುರು ಮಾಡಬೇಡಿ. ವೈದ್ಯರನ್ನು ಕೇಳದೆ ಹಾಗೆಯೇ ಬಿಟ್ಟುಬಿಡಲೂ ಬೇಡಿ. ಪೊರೆಗೆ ರಕ್ತ ಒದಗಿಸುವ ಮಿಡಲ್ ಮೆನಿಂಜಿಯಲ್ ಅಪಧಮನಿಯನ್ನು ಕ್ಯಾಥೆಟರ್ ಮೂಲಕ ಮುಚ್ಚುವ ವಿಧಾನವೊಂದಿದೆ. 2024ರಲ್ಲಿ ಪ್ರಕಟವಾದ, 400 ರೋಗಿಗಳ ಒಂದು ಪರೀಕ್ಷೆಯಲ್ಲಿ, ಆಪರೇಶನ್ನಿನ ಜೊತೆಗೆ ಇದನ್ನೂ ಮಾಡಿದಾಗ 90 ದಿನಗಳೊಳಗೆ ಮರು ಆಪರೇಶನ್ ಬೇಕಾದವರ ಪ್ರಮಾಣ ಶೇ. 11.3ರಿಂದ 4.1ಕ್ಕೆ ಇಳಿಯಿತು. ಸ್ಟೀರಾಯ್ಡ್ ಮಾತ್ರೆಯನ್ನು ಎಲ್ಲರಿಗೂ ಕೊಡುವುದನ್ನು ನಾನು ಒಪ್ಪುವುದಿಲ್ಲ: ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ ಅದರಿಂದ ಮರು ಆಪರೇಶನ್ ಕಡಿಮೆಯಾದರೂ ಆರು ತಿಂಗಳ ಬಳಿಕ ರೋಗಿಗಳ ಒಟ್ಟಾರೆ ಸ್ಥಿತಿ ಅದನ್ನು ಪಡೆಯದವರಿಗಿಂತ ಕೆಟ್ಟದಾಗಿತ್ತು. ಮೊದಲ ಮೂರು ತಿಂಗಳು ಉತ್ತರ 2ರಲ್ಲಿ ಸಹೋದರಿ ಬರೆದಿರುವ ಲಕ್ಷಣಗಳನ್ನು ದಿನವೂ ಗಮನಿಸಿ. ಒಂದು ಕಂಡರೂ ಅದೇ ದಿನ ಸ್ಕ್ಯಾನ್ ಮಾಡಿಸಿ.